ಹೆಸರಿಲ್ಲದ ನಾಲ್ವರಿಗೆ ಹೆಸರಿಟ್ಟಾಗ

ವಿಮರ್ಶೆ ಬರೆಯುವವನ ಮನೆಗೆ ಕವನ ಸಂಕಲನಗಳು ಬರುತ್ತವೆ, ಕಾದಂಬರಿಗಳು ಬರುತ್ತವೆ, 'ಪ್ರೀತಿಯ ಅಭಿಪ್ರಾಯಕ್ಕಾಗಿ' ಎಂಬ ಒಕ್ಕಣೆಯೊಡನೆ ನಾಟಕಗಳೂ ಬರುತ್ತವೆ. ವಿಡಿಯೋ ಆಟವೊಂದನ್ನು ಅಭಿಪ್ರಾಯಕ್ಕೆಂದು ಕಳುಹಿಸಿಕೊಟ್ಟವರು ಇದುವರೆಗೆ ಯಾರೂ ಇಲ್ಲ. ನಾನೀಗ ಬರೆಯಹೊರಟಿರುವ ಆಟ ನಮ್ಮ ಮನೆಗೆ ಬಂದದ್ದು ಅಂಚೆಯವನ ಕೈಯಿಂದಲ್ಲ, ಸೋದರಳಿಯನ ಚೀಲದಿಂದ. 2009ರಲ್ಲಿ ಅವನು ಪಿಯುಸಿ ಓದಲೆಂದು ತುಮಕೂರಿನ ನಮ್ಮ ಮನೆಗೆ ಬಂದಾಗ, ಅಮೆರಿಕದಲ್ಲಿದ್ದ ಅವನ ಚಿಕ್ಕಪ್ಪ ಕೊಟ್ಟ ನಿಂಟೆಂಡೊ ಡಿಎಸ್ ಎಂಬ ಪುಟ್ಟ ಯಂತ್ರ ಪಠ್ಯಪುಸ್ತಕಗಳ ನಡುವೆ ಅಡಗಿತ್ತು. ಕನ್ನಡಕದ ಡಬ್ಬಿಯಂತೆ ತೆರೆದುಕೊಳ್ಳುವ ಯಂತ್ರ. ಮೇಲೊಂದು ತೆರೆ, ಕೆಳಗೊಂದು ತೆರೆ. ಅದರೊಳಗೆ ಇದ್ದದ್ದು ಒಂದೇ ಆಟ: 'ಫೈನಲ್ ಫ್ಯಾಂಟಸಿ' ಮಾಲೆಯ ಮೂರನೆಯದು. ಹುಡುಗ ಓದು ಮುಗಿಸಿ, ಕೆಲಸ ಹಿಡಿದು, ಪರದೇಶಕ್ಕೆ ಹೋದ. ಯಂತ್ರ ಅಟ್ಟ ಸೇರಿತು. ಈಚೆಗೆ ಅಟ್ಟ ಗುಡಿಸುವಾಗ ಮತ್ತೆ ಕೈಗೆ ಸಿಕ್ಕಿತು. ಸೋಜಿಗವೆಂದರೆ, ಚಾರ್ಜು ಮಾಡಿದೊಡನೆ ಕಣ್ಣು ಬಿಟ್ಟಿತು.

ಮಳೆಗಾಲದ ಸಂಜೆಗಳನ್ನು ಅದಕ್ಕೆ ಒಪ್ಪಿಸಿ ಆಟವನ್ನು ಆದ್ಯಂತ ಆಡಿದ್ದೇನೆ. ಮನೆಯವರು ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ಸುಮ್ಮನಾದರು. ಕಾದಂಬರಿಯೊಂದನ್ನು ಓದಿದವನಿಗೆ ಅದರ ಬಗ್ಗೆ ಮಾತಾಡುವ ಹಕ್ಕಿರುವುದಾದರೆ, ಈ ಆಟದ ಬಗ್ಗೆ ನನಗೂ ಒಂದಿಷ್ಟು ಇದೆಯೆಂದು ಭಾವಿಸಿದ್ದೇನೆ.

ಈ ಕೃತಿ ಎರಡು ಸಲ ಹುಟ್ಟಿದ್ದು. ಮೊದಲ ಹುಟ್ಟು ಜಪಾನಿನಲ್ಲಿ, 1990ರ ಏಪ್ರಿಲ್ ತಿಂಗಳಲ್ಲಿ; ಟಿ.ವಿ.ಗೆ ಜೋಡಿಸಿ ಆಡುವ ಫ್ಯಾಮಿಕಾಂ ಯಂತ್ರಕ್ಕಾಗಿ, ಸ್ಕ್ವೇರ್ ಎಂಬ ಸಂಸ್ಥೆಯಿಂದ. ನಿರ್ದೇಶಕರು ಹಿರೊನೊಬು ಸಕಗುಚಿ, ಸಂಗೀತ ನೊಬುವೊ ಉಎಮಾತ್ಸು, ಚಿತ್ರಕಲ್ಪನೆ ಯೊಶಿತಕ ಅಮಾನೊ. ಪ್ರೋಗ್ರಾಂ ಬರೆದವರು ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಾಸಿರ್ ಗೆಬೆಲ್ಲಿ. ಇಡೀ ಪ್ರಪಂಚ, ಅದರ ಕಡಲು, ಕೋಟೆ, ಗವಿ, ರಾಕ್ಷಸರು, ಸಂಗೀತ ಎಲ್ಲವೂ 512 ಕಿಲೋಬೈಟಿನಲ್ಲಿ ಅಡಗಿದ್ದವು. ಇಂದು ಮದುವೆ ಮನೆಯಿಂದ ಫೋನಿಗೆ ಬರುವ ಒಂದು ಫೋಟೋ ಅದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಎರಡನೆಯ ಹುಟ್ಟು 2006ರ ಆಗಸ್ಟಿನಲ್ಲಿ, ಅಂಗೈಯ ಯಂತ್ರಕ್ಕಾಗಿ. ಮೊದಲ ಬಳಗದಲ್ಲಿದ್ದ ಹಿರೊಮಿಚಿ ತನಕ ಅವರೇ ಈ ಹೊಸ ರೂಪದ ಹೊಣೆ ಹೊತ್ತರು. ನಡುವಿನ 16 ವರ್ಷ ಈ ಕೃತಿ ಜಪಾನಿನ ಗಡಿ ದಾಟಿರಲಿಲ್ಲ. 1994ರಲ್ಲಿ ಅಮೆರಿಕದವರು 'ಮೂರನೆಯದು' ಎಂದು ಕೊಂಡು ಆಡಿದ್ದು ನಿಜವಾಗಿ ಆರನೆಯದನ್ನು! ಆದ್ದರಿಂದ ಹೊರಗಿನವರಿಗೆ ಈ ಪುನರ್ನಿರ್ಮಾಣವೇ ಮೂಲ. ಅನುವಾದದಲ್ಲಷ್ಟೇ ಓದಿದವನಿಗೆ ಅನುವಾದವೇ ಮೂಲವಾಗುವಂತೆ.

ಇದು ಸರದಿಯ ಆಟ. ಶತ್ರು ಎದುರು ನಿಂತಾಗ ಬೆರಳಿನ ಚುರುಕಿಗೆ ಇಲ್ಲಿ ಬೆಲೆಯಿಲ್ಲ. ನಮ್ಮ ಕಡೆಯ ನಾಲ್ವರಿಗೂ ಏನು ಮಾಡಬೇಕೆಂದು ಹೇಳುವವರೆಗೆ ಎದುರಾಳಿ ಮರ್ಯಾದೆಯಿಂದ ಕಾದು ನಿಂತಿರುತ್ತಾನೆ. ಅಳಿಯ ಇದನ್ನು ಮೊದಲ ಸಲ ತೋರಿಸಿದಾಗ, "ಮಾವ, ನೀವು ಕಾಫಿ ಕುಡಿದು ಬಂದು ಹೊಡೆದರೂ ನಡೆಯುತ್ತೆ," ಎಂದಿದ್ದ. "ಯುದ್ಧದಲ್ಲಿ ಹಾಗೆ ಯಾರು ಕಾಯುತ್ತಾರೋ?" ಎಂದು ನಾನು ನಕ್ಕಿದ್ದೆ. ನಕ್ಕದ್ದು ತಪ್ಪೆಂದು ತಿಳಿದದ್ದು ಕುಣಿಗಲ್ ತಾಲ್ಲೂಕಿನ ನನ್ನ ಭಾವಮೈದನ ಊರಿನಲ್ಲಿ.

ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ನಾಟಕವಾಡುವುದು ಇಂದಿಗೂ ಉಂಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕುತ್ತಾರೆ. ಸೀನರಿ, ಉಡುಪು, ಕಿರೀಟ ಬಾಡಿಗೆಗೆ ಬರುತ್ತವೆ. ಬೆಳಗಿನ ಜಾವ ಕರ್ಣಾರ್ಜುನರು ಎದುರುಬದುರಾದರೆಂದರೆ, ಅರ್ಜುನ ಹಾಡಿ ಮುಗಿಸುವವರೆಗೆ ಕರ್ಣ ಬಿಲ್ಲು ಹಿಡಿದು ನಿಂತೇ ಇರುತ್ತಾನೆ. ಅರ್ಜುನನಿಗೆ 'ಒನ್ಸ್ ಮೋರ್' ಬಿದ್ದರೆ ಇನ್ನೊಂದು ಸಲವೂ ನಿಲ್ಲುತ್ತಾನೆ. ಆಮೇಲೆ ಅವನ ಸರದಿ. ಬಾಣ ತಗಲಿ ಸತ್ತವನು ಜನರ ಒತ್ತಾಯಕ್ಕೆ ಎದ್ದು ಹಾಡಿ ಮತ್ತೆ ಸಾಯುವುದೂ ಉಂಟು. ಜಪಾನೀಯರು ಅದಕ್ಕೆ ಫೀನಿಕ್ಸ್ ಹಕ್ಕಿಯ ಗರಿಯನ್ನು ಬಳಸುತ್ತಾರೆ, ಅಷ್ಟೇ ವ್ಯತ್ಯಾಸ. ಇದನ್ನು ಅಸಹಜವೆನ್ನುವವರಿಗೆ ನಾಟಕವೂ ದಕ್ಕುವುದಿಲ್ಲ, ಈ ಆಟವೂ ದಕ್ಕುವುದಿಲ್ಲ. ಕಾಯುವುದರಲ್ಲೇ ಇದರ ರಸವಿದೆ. ಮುಂದಿನ ಏಟು ಯಾವುದೆಂದು ಯೋಚಿಸುವ ಬಿಡುವು ವೀರನಿಗೂ ಬೇಕು, ನೋಡುವವನಿಗೂ ಬೇಕು.

ಇನ್ನೊಂದು ಹೋಲಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಆಟದ ಹೆಗ್ಗಳಿಕೆ ಅದರ ವೃತ್ತಿಪಲ್ಲಟ. ನಾಲ್ವರಲ್ಲಿ ಯಾರು ಬೇಕಾದರೂ ಯೋಧನಾಗಬಹುದು, ಮಂತ್ರವಾದಿಯಾಗಬಹುದು, ಕಳ್ಳ, ಪಂಡಿತ, ಗಾಯಕ, ಬಿಲ್ಲುಗಾರ, ಆಕಾಶಕ್ಕೆ ನೆಗೆದು ಈಟಿಯೊಡನೆ ಇಳಿಯುವ ಭಟ ಹೀಗೆ ಇಪ್ಪತ್ತಕ್ಕೂ ಮಿಕ್ಕಿದ ವೇಷಗಳು. ಒಂದು ಕಡೆ ಕುಬ್ಜರ ಊರಿಗೆ ಹೋಗಲು ನಾಲ್ವರೂ ಹೆಬ್ಬೆರಳಿನಷ್ಟಾಗಬೇಕು. ಆಗ ಕತ್ತಿಯ ಏಟು ನಾಟುವುದಿಲ್ಲ, ಎಲ್ಲರೂ ಮಂತ್ರ ಕಲಿಯಲೇಬೇಕು. ನನ್ನ ಭಾವಮೈದ ಒಂದು ವರ್ಷ ಶಕುನಿ, ಮರುವರ್ಷ ಭೀಮ; ತೆಂಗಿನ ತೋಟಕ್ಕೆ ನೀರು ಹಾಯಿಸುವವನು ಅವನೇ. ವೇಷ ಬದಲಾಯಿಸಿದಾಗ ಮೊದಲ ನಾಲ್ಕು ದಿನ ಗದೆ ಹಿಡಿಯುವ ಕೈಯಲ್ಲಿ ದಾಳ ಉರುಳಿಸುವ ಅಭ್ಯಾಸ ಇಣುಕುತ್ತದೆಂದು ಅವನೇ ಹೇಳುತ್ತಾನೆ. ಹೊಸ ಆವೃತ್ತಿಯಲ್ಲಿ ವೃತ್ತಿ ಬದಲಾಯಿಸಿದವನು ಕೆಲವು ಕಾಳಗಗಳವರೆಗೆ ದುರ್ಬಲನಾಗಿರುತ್ತಾನೆ. ಇದು 1990ರಲ್ಲಿ ಇರಲಿಲ್ಲ, 2006ರಲ್ಲಿ ಸೇರಿಸಿದ್ದು, ಸೊಗಸಾದ ಸೇರ್ಪಡೆ. ಮೂಲದಲ್ಲಿ ಕೊನೆಕೊನೆಗೆ ಎರಡು ವೃತ್ತಿಗಳು ಮಿಕ್ಕೆಲ್ಲವನ್ನೂ ನುಂಗಿಹಾಕುತ್ತಿದ್ದವು. ಈಗ ಕೊನೆಯವರೆಗೂ ಎಲ್ಲಕ್ಕೂ ತಕ್ಕ ಕೆಲಸವಿದೆ. (ಸವಾರಿಗೆ ಕುದುರೆಯ ಬದಲು ದೊಡ್ಡ ಹಳದಿ ಹಕ್ಕಿಗಳಿವೆ. ಟಿಪ್ಪುವಿನ ಕಾಲದಿಂದ ಕುದುರೆ ಬೆಳೆಸಿದ ಕುಣಿಗಲ್ಲಿನವರು ಇದನ್ನು ಒಪ್ಪಲಾರರು.)

ಪುನರ್ನಿರ್ಮಾಣವೆಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಮಾಡಿದ್ದೂ ಅದನ್ನೇ. ಊರೂರ ಬಯಲಿನಲ್ಲಿ ಪಂಜಿನ ಬೆಳಕಿನಲ್ಲಿ ಕುಣಿಯುತ್ತಿದ್ದ ಕಥೆಗಳನ್ನು ಅದು ಪರದೆ, ದೀಪ, ಸೀನರಿಗಳ ನಡುವೆ ಮತ್ತೆ ಕಟ್ಟಿತು; ಶ್ರೀ ಗುಬ್ಬಿ ವೀರಣ್ಣನವರ ಕಾಲಕ್ಕೆ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಆನೆಗಳ ನೆನಪು, ಕಾಣದೆಯೂ, ಬರುತ್ತದೆ. ಆದರೆ ನಿಜವಾದ ಆನೆ ಬಂದ ದಿನ, ಎರಡು ಬೆತ್ತಗಳ ನಡುವೆ ಬಟ್ಟೆ ಹಿಡಿದು 'ಇದೇ ಐರಾವತ' ಎಂದರೆ ನಂಬುತ್ತಿದ್ದ ಪ್ರೇಕ್ಷಕನಿಗೆ ಒಂದು ಕೆಲಸ ಕಡಮೆಯಾಯಿತು. ಆನೆ ಬರಬಾರದಿತ್ತೆಂದು ನಾನು ಹೇಳುತ್ತಿಲ್ಲ. ಕಡಮೆ ಮಾಡಿದ ಕೆಲಸಕ್ಕೆ ಬದಲಾಗಿ ಬೇರೊಂದು ಕೆಲಸವನ್ನು ಪ್ರೇಕ್ಷಕನಿಗೆ ಕೊಟ್ಟರೇ ಎಂಬುದು ಎಲ್ಲ ಪುನರ್ನಿರ್ಮಾಣಗಳ ಎದುರಿಗೂ ನಾನು ಇಡುವ ಪ್ರಶ್ನೆ. ಅದೇ ಕಂಪನಿಯ ರಂಗದಿಂದ 'ಬೇಡರ ಕಣ್ಣಪ್ಪ' 1954ರಲ್ಲಿ ಚಲನಚಿತ್ರವಾದಾಗ ಆ ಕೆಲಸ ನಡೆಯಿತು. ಕೊನೆಯ ಸಾಲಿನವನಿಗೂ ಕೇಳಬೇಕೆಂದು ಎತ್ತಿ ಆಡುತ್ತಿದ್ದ ಮಾತು ತಗ್ಗಿತು; ಶ್ರೀ ರಾಜಕುಮಾರರ ಮುಖ ಹತ್ತಿರ ಬಂತು; ಪ್ರೇಕ್ಷಕ ಕೇಳುವುದನ್ನು ಬಿಟ್ಟು ಆ ಕಣ್ಣುಗಳನ್ನು ಓದತೊಡಗಿದ.

ಈ ಪ್ರಶ್ನೆಯನ್ನು ಹಿಡಿದು ಅಂಗೈಯ ಯಂತ್ರಕ್ಕೆ ಮರಳುತ್ತೇನೆ.

1990ರ ಆಟ ತೆರೆದುಕೊಳ್ಳುವಾಗ ನಾಲ್ವರು ಅನಾಥರು ಭೂಕಂಪದಿಂದ ಬಾಯ್ದೆರೆದ ಗವಿಯೊಳಗೆ ಬಿದ್ದಿರುತ್ತಾರೆ. ಅವರಿಗೆ ಹೆಸರಿಲ್ಲ, ಪೂರ್ವಕಥೆಯಿಲ್ಲ, ಒಬ್ಬನಿಗೂ ಇನ್ನೊಬ್ಬನಿಗೂ ಮುಖದಲ್ಲಿ ಭೇದವಿಲ್ಲ. ಗವಿಯ ಆಳದಲ್ಲಿ ಗಾಳಿಯ ಸ್ಫಟಿಕ ಅವರನ್ನು ಲೋಕರಕ್ಷಣೆಗೆ ಆರಿಸಿಕೊಳ್ಳುತ್ತದೆ. ಆರಂಭದಲ್ಲಿ ಅವರ ವೃತ್ತಿಗೆ ಜಪಾನೀಯರು ಕೊಟ್ಟ ಹೆಸರು 'ಈರುಳ್ಳಿ ವೀರ'. ಕೇಳಿದವರು ನಗಲಿ ಎಂದೇ ಇಟ್ಟ ಹೆಸರಿರಬೇಕು. ಏನೂ ಕೈಲಾಗದ ಹುಡುಗರು. ಆಡುವವನು ಆ ನಾಲ್ಕು ಖಾಲಿ ಜಾಗಗಳಲ್ಲಿ ತನಗೆ ಬೇಕಾದವರ ಹೆಸರು ತುಂಬಬೇಕು. ಜಪಾನಿನ ಮಕ್ಕಳು ತಮ್ಮ ಹೆಸರು, ಗೆಳೆಯರ ಹೆಸರು, ತಂಗಿಯ ಹೆಸರು ಬರೆದಿರುತ್ತಾರೆಂದು ಊಹಿಸುವುದು ಕಷ್ಟವಲ್ಲ. ಲೋಕವನ್ನು ಉಳಿಸಿದವರು ಹಾಗೆ ಅವರ ಮನೆಯವರೇ ಆದರು.

2006ರಲ್ಲಿ ನಾಲ್ವರಿಗೂ ನಾಮಕರಣವಾಯಿತು: ಲುನೆತ್, ಆರ್ಕ್, ರೆಫಿಯಾ, ಇಂಗಸ್. ಅಕಿಹಿಕೊ ಯೊಶಿದಾ ಅವರ ಕೈಯಲ್ಲಿ ಮುದ್ದಾದ ಮುಖಗಳೂ ಬಂದವು. ಈಗ ಗವಿಗೆ ಬೀಳುವವನು ಲುನೆತ್ ಒಬ್ಬನೇ. ಆರ್ಕ್ ಊರ ಹುಡುಗರಿಂದ ಪೀಡೆಗೊಳಗಾದ ಪುಕ್ಕಲ; ರೆಫಿಯಾ ಸಾಕುತಂದೆಯ ಕುಲುಮೆಯ ಕೆಲಸಕ್ಕೆ ಬೇಸತ್ತು ಮನೆ ಬಿಟ್ಟವಳು; ಇಂಗಸ್ ಕೋಟೆಯ ಕಾವಲಿನ ಯೋಧ, ರಾಜಕುಮಾರಿಯ ಬಗ್ಗೆ ಬಾಯಿ ಬಿಡಲಾರದ ಪ್ರೀತಿಯುಳ್ಳವನು. ಒಬ್ಬೊಬ್ಬರಾಗಿ ಸೇರುತ್ತಾರೆ. ಮೊದಲ ಎರಡು ಮೂರು ಗಂಟೆ ಇದು ಬಹಳ ಚೆನ್ನಾಗಿದೆ. ಕುಲುಮೆಯಿಂದ ಓಡಿಬಂದ ಆ ಹುಡುಗಿಯ ಸಿಡುಕನ್ನು ನಾನು ನಿಜಕ್ಕೂ ಮೆಚ್ಚಿದೆ. ಮುಂದೆ ಅವಳೇನಾಗುತ್ತಾಳೋ ಎಂದು ಕಾದೆ.

ಅವಳೇನೂ ಆಗುವುದಿಲ್ಲ. ನನ್ನ ಮುಖ್ಯ ತಕರಾರು ಇದೇ. ನಾಲ್ವರೂ ಕೂಡಿದ ಮೇಲೆ ಕಥೆ 1990ರ ಹಳೆಯ ದಾರಿಗೇ ಬೀಳುತ್ತದೆ; ಅದು ಹೆಸರಿಲ್ಲದವರಿಗಾಗಿ ಹಾಕಿದ ದಾರಿ. ಊರಿಂದೂರಿಗೆ ಹೋಗುವಾಗ ಆಡುವ ನಾಲ್ಕು ಮಾತುಗಳನ್ನು ಲುನೆತ್ ಆಡಿದರೂ ಒಂದೇ, ಇಂಗಸ್ ಆಡಿದರೂ ಒಂದೇ. ಪುಕ್ಕಲನ ಪುಕ್ಕಲುತನ ಎಲ್ಲಿ ಹೋಯಿತೋ ತಿಳಿಯದು. ಮೂಲದಲ್ಲಿ ಈ ಮೌನ ಕೊರತೆಯಾಗಿರಲಿಲ್ಲ. ಆಡುವ ಹುಡುಗ ಅದನ್ನು ತನ್ನ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದ. ಹೆಸರು ಕೊಟ್ಟು, ಮುಖ ಕೊಟ್ಟು, ಆಮೇಲೆ ಬಾಯಿ ಕಟ್ಟಿದರೆ ಅದು ಖಾಲಿ ಜಾಗವೂ ಅಲ್ಲ, ಪಾತ್ರವೂ ಅಲ್ಲ. ಕೊಟ್ಟ ಮೇಲೆ ಪೂರ್ತಿ ಕೊಡಬೇಕಿತ್ತು, ಇಲ್ಲವೇ ಕೊಡಲೇಬಾರದಿತ್ತು. ಕಣ್ಣಪ್ಪನ ಮುಖವನ್ನು ಮೊದಲ ರೀಲಿನಲ್ಲಿ ಹತ್ತಿರ ತೋರಿಸಿ ಉಳಿದ ಚಿತ್ರವನ್ನೆಲ್ಲ ಕೊನೆಯ ಸಾಲಿನಿಂದ ತೆಗೆದಿದ್ದರೆ ಹೇಗಿರುತ್ತಿತ್ತೋ ಹಾಗಿದೆ ಇದು.

ಯಂತ್ರ ಚಿಕ್ಕದಾದದ್ದರಿಂದ ಆದ ನಷ್ಟಗಳೂ ಇವೆ. ಮೂಲದಲ್ಲಿ ಚಪ್ಪಟೆ ಚಿತ್ರಗಳಾಗಿ ಹಿಂಡುಹಿಂಡಾಗಿ ಬರುತ್ತಿದ್ದ ಶತ್ರುಗಳು ಮೂರು ಆಯಾಮದ ಮೈ ಪಡೆದ ಮೇಲೆ ಒಮ್ಮೆಗೆ ಮೂವರಿಗಿಂತ ಹೆಚ್ಚು ಬರಲಾರರು. ಎರಡು ತೆರೆಗಳಿದ್ದರೂ ಮೇಲಿನದು ನಕ್ಷೆ ತೋರಿಸುವುದಕ್ಕೋ ನಡುನಡುವಿನ ದೃಶ್ಯಕ್ಕೋ ಆಗೀಗ ಬೆಳಗುತ್ತದೆ, ಕಾಳಗದ ಹೊತ್ತಿನಲ್ಲಿ ಕಪ್ಪಾಗಿ ಕೂರುತ್ತದೆ. ಬಾಡಿಗೆ ಕೊಟ್ಟು ತಂದ ಸೀನರಿಯನ್ನು ಸುತ್ತಿಟ್ಟ ಹಾಗೆ.

ಆದರೆ ಒಂದು ಸನ್ನಿವೇಶವನ್ನು ಇವರು ಕೆಡಿಸಿಲ್ಲ. ಎಷ್ಟೋ ಗಂಟೆ ತಿರುಗಿ, ಇದೇ ಲೋಕವೆಂದು ನಂಬಿದ ಮೇಲೆ, ಹಾರುಹಡಗೊಂದು ಸಿಕ್ಕಿ ಅಂಚಿನಾಚೆ ಹೋದಾಗ ತಿಳಿಯುತ್ತದೆ: ಇಷ್ಟು ದಿನ ಓಡಾಡಿದ್ದು ಆಕಾಶದಲ್ಲಿ ತೇಲುವ ಒಂದು ತುಂಡು ನೆಲ. ಕೆಳಗಿರುವುದು ನಿಜವಾದ ಲೋಕ. ಕಣ್ಣು ಹೋದಷ್ಟೂ ನೀರು, ಅದರ ಮೇಲೆ ಕವಿದ ಕತ್ತಲೆ. ಆ ನೀರಿನ ಮೇಲೆ ಸಂಗೀತ ಒಂದೊಂದೇ ಎಳೆಯಾಗಿ ಹರಿಯುತ್ತದೆ. ನಾನು ಯಂತ್ರವನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಊರೇ ಪ್ರಪಂಚವೆಂದುಕೊಂಡಿದ್ದ ಹುಡುಗನೊಬ್ಬ ಮೊದಲ ಸಲ ಹೊರಟದ್ದು ಜ್ಞಾಪಕಕ್ಕೆ ಬಂತು. ಗುಬ್ಬಿ ಸ್ಟೇಷನ್ನಿನಲ್ಲಿ ನಮ್ಮ ತಂದೆಯವರು ನನ್ನನ್ನು ರೈಲು ಹತ್ತಿಸಿದ್ದರು.

ಕೊನೆಯ ಸ್ಫಟಿಕ ಗೋಪುರದ ವಿಷಯದಲ್ಲಿ ಮಾತ್ರ ನಿರ್ಮಾಪಕರು ನಿಷ್ಕರುಣಿಗಳು. ಗೋಪುರ ಹತ್ತಿ, ಕತ್ತಲ ಲೋಕಕ್ಕೆ ದಾಟಿ, ಅಂತಿಮ ಕಾಳಗ ಮುಗಿಸುವವರೆಗೆ ಸಾಧಿಸಿದ್ದನ್ನು ಭದ್ರವಾಗಿ ದಾಖಲಿಸುವ ಅವಕಾಶವಿಲ್ಲ. ತಾತ್ಕಾಲಿಕವಾಗಿ ನಿಲ್ಲಿಸಿ ಊಟ ಮಾಡಿ ಬರಬಹುದು, ನಿಜ. ಸೋತರೆ ಮಾತ್ರ ಗೋಪುರದ ಬಾಗಿಲಿಗೇ ವಾಪಸು. ನಾನು ಎರಡು ಸಲ ಸೋತೆ. ಇಂದಿನವರು ಇದನ್ನು ದೋಷವೆನ್ನುತ್ತಾರೆ. 1990ರ ಈ ಕಾಠಿಣ್ಯವನ್ನು ಹಾಗೇ ಉಳಿಸಿದ್ದಕ್ಕೆ ನಾನು ಅವರಿಗೆ ಕೃತಜ್ಞ. ಮೂರನೆಯ ಸಲ ಗೆದ್ದಾಗ ರಾತ್ರಿ ಎರಡು ಗಂಟೆ. ಹೇಳಿಕೊಳ್ಳಲು ಎದ್ದಿದ್ದವರು ಯಾರೂ ಇರಲಿಲ್ಲ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದು ಅರ್ಧ ಮೆಚ್ಚಿದ, ಅರ್ಧ ಮೆಚ್ಚದ ವಿಮರ್ಶೆಯಾಗುತ್ತಿತ್ತು. ಆದರೆ ಅಳಿಯ 2009ರಲ್ಲಿ ಉಳಿಸಿಟ್ಟ ಅವನ ಆಟವೂ ಆ ಯಂತ್ರದಲ್ಲಿ ಹಾಗೇ ಇತ್ತು. ತೆರೆದು ನೋಡಿದೆ. ಅವನ ನಾಲ್ವರೂ ನನ್ನವರಿಗಿಂತ ಬಲಿಷ್ಠರು. ವೃತ್ತಿಗಳ ಪಟ್ಟಿಯಲ್ಲಿ ಒಂದು ಮಾತ್ರ ಇರಲಿಲ್ಲ: ಈರುಳ್ಳಿ ವೀರ.

ಮೂಲದಲ್ಲಿ ಎಲ್ಲರೂ ಈರುಳ್ಳಿ ವೀರರಾಗಿಯೇ ಹುಟ್ಟುತ್ತಿದ್ದರು. ಹೊಸ ಆವೃತ್ತಿಯಲ್ಲಿ ಅದು ಹುಟ್ಟಿನ ಹಕ್ಕಲ್ಲ, ಕೊನೆಯ ಬಹುಮಾನ. ಬಹಳ ಕಾಲ ಬಲಹೀನನಾಗಿದ್ದು, ತೊಂಬತ್ತನೆಯ ಮಟ್ಟ ದಾಟಿದ ಮೇಲೆ ಎಲ್ಲರನ್ನೂ ಮೀರಿ ಬೆಳೆಯುವ ವೀರ ಅವನು. ಅವನನ್ನು ಪಡೆಯಲು ರಾಕ್ಷಸನನ್ನು ಕೊಂದರೆ ಸಾಲದು, ಪತ್ರ ಬರೆಯಬೇಕು! ಆಟದೊಳಗೆ ಅಂಚೆಯ ಏರ್ಪಾಡಿದೆ. ಮೂಗಲ್ ಎಂಬ ಬಿಳಿಯ ಪುಟ್ಟ ಪ್ರಾಣಿಗಳು ಓಲೆ ಒಯ್ಯುತ್ತವೆ. ಕಥೆಯ ಪಾತ್ರಗಳಿಗೆ ಬರೆದರಷ್ಟೇ ಆಗದು, ಇದೇ ಆಟವನ್ನು ಬೇರೆಲ್ಲೋ ಆಡುತ್ತಿರುವ ನಿಜವಾದ ಮನುಷ್ಯರಿಗೂ ಓಲೆ ಕಳುಹಿಸಬೇಕು. ನಾನು ಮೇಲೆ ಕೇಳಿದ ಪ್ರಶ್ನೆಗೆ ಈ ಪುನರ್ನಿರ್ಮಾಣ ಕೊಟ್ಟ ನಿಜವಾದ ಉತ್ತರ ಇದು. ಹೆಸರಿಡುವ ಕೆಲಸವನ್ನು ಕಸಿದುಕೊಂಡ ಕೈಯೇ ಓಲೆ ಬರೆಯುವ ಕೆಲಸವನ್ನು ಕೊಟ್ಟಿತು. ಒಬ್ಬನೇ ಮೂಲೆಯಲ್ಲಿ ಕುಳಿತು ಆಡುವ ಆಟದ ಅತಿ ದೊಡ್ಡ ಬಹುಮಾನವನ್ನು ಇನ್ನೊಬ್ಬ ಮನುಷ್ಯನ ಕೈಯಲ್ಲಿಡುವ ಯೋಚನೆ ಯಾರಿಗೆ ಬಂದಿತೋ, ಅವರು ದೊಡ್ಡವರು.

ತುಮಕೂರಿನಲ್ಲಿ ಅದರಿಂದ ಏನಾಯಿತೆಂಬುದು ಬೇರೆ ಮಾತು. ಹುಡುಗ ಆ ವರ್ಷ ಒಂದು ಸಂಜೆ, "ಮಾವ, ನಮ್ಮೂರಲ್ಲಿ ಈ ಆಟ ಇನ್ಯಾರ ಹತ್ರ ಇರಬಹುದು?" ಎಂದು ಕೇಳಿದ್ದ. ಅವನ ಕಾಲೇಜಿನಲ್ಲಿ ಯಾರ ಬಳಿಯೂ ಇರಲಿಲ್ಲ. ಮನೆಗೆ ತಂತಿಯಿಲ್ಲದ ಇಂಟರ್‌ನೆಟ್ ಇನ್ನೂ ಬಂದಿರಲಿಲ್ಲ. ನಾನು ಪತ್ರಿಕೆಯಿಂದ ತಲೆಯೆತ್ತದೆ, "ಓದಿಕೊಳ್ಳೋ, ಪರೀಕ್ಷೆ ಹತ್ತಿರ ಬಂತು," ಎಂದೆ. ಅವನು ಏನು ಕೇಳುತ್ತಿದ್ದಾನೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಅವನಿಗೆ ಬೇಕಾಗಿದ್ದುದು ಆಟವಲ್ಲ, ಆಟವಂತೂ ಕೈಯಲ್ಲೇ ಇತ್ತು, ಬೇಕಾಗಿದ್ದುದು ವಿಳಾಸ.

ಆ ಓಲೆಗಳು ದೂರದೂರಕ್ಕೆ ಹೋಗುತ್ತಿದ್ದುದು ನಿಂಟೆಂಡೊ ಸಂಸ್ಥೆಯ ಜಾಲದ ಮೂಲಕ. 2014ರ ಮೇ 20ರಂದು ಆ ಜಾಲವನ್ನು ಮುಚ್ಚಲಾಯಿತು. 1990ರ ಪೆಟ್ಟಿಗೆ ಇಂದಿಗೂ ಹಾಗೇ ಆಡುತ್ತದೆ. ಅದಕ್ಕೆ ಹೊರಗಿನವರ ಹಂಗಿಲ್ಲ. 2006ರದು ಇನ್ನೊಬ್ಬರನ್ನು ನಂಬಿತ್ತು, ಆದ್ದರಿಂದ ಅದರ ಅತ್ಯುತ್ತಮ ಭಾಗವೇ ಮೊದಲು ಮುರಿಯಿತು. ಮುಂದೆ ಫೋನುಗಳಿಗೆ ತಂದಾಗ, ಆಟದೊಳಗಿನ ಪಾತ್ರಗಳಿಗೇ ಬರೆದರೆ ಸಾಕೆಂದು ನಿಯಮ ಸಡಿಲಿಸಿದರು. ವೀರ ಸಿಕ್ಕಿದ, ಓಲೆ ತಲುಪಬೇಕಾದ ಮನುಷ್ಯ ಕಳೆದುಹೋದ.

2021ರ ಜುಲೈಯಲ್ಲಿ ಅದೇ ಸಂಸ್ಥೆ, ಈಗ ಸ್ಕ್ವೇರ್ ಎನಿಕ್ಸ್, ಇದೇ ಮೂರನೆಯ ಕೃತಿಯನ್ನು ಇನ್ನೊಮ್ಮೆ ಕಟ್ಟಿತು. ಈ ಸಲ ಚುಕ್ಕಿಚಿತ್ರಗಳ ಹಳೆಯ ಚಪ್ಪಟೆ ರೂಪವೇ ಮರಳಿದೆ. ಲುನೆತ್, ರೆಫಿಯಾ ಯಾರೂ ಇಲ್ಲ. ಹೆಸರಿಲ್ಲದ ನಾಲ್ವರು ಈರುಳ್ಳಿ ವೀರರು ಮತ್ತೆ ಗವಿಗೆ ಬಿದ್ದಿದ್ದಾರೆ. ಹದಿನೈದು ವರ್ಷಗಳ ಹಿಂದೆ ಕೊಟ್ಟ ಹೆಸರುಗಳನ್ನು ಹೀಗೆ ಹಿಂದಕ್ಕೆ ಪಡೆದದ್ದನ್ನು ನೋಡಿದರೆ ನನ್ನ ತಕರಾರು ಅವರಿಗೂ ತಿಳಿದಿತ್ತೆಂದು ಕಾಣುತ್ತದೆ. ಆದರೂ ಕುಲುಮೆ ಬಿಟ್ಟು ಬಂದ ಆ ಸಿಡುಕು ಹುಡುಗಿ ಇಲ್ಲದ್ದು ನನಗೆ ಕೊಂಚ ಬೇಸರವೇ. ಅರ್ಧ ಕೊಟ್ಟದ್ದನ್ನೂ ನಾವು ಪ್ರೀತಿಸುತ್ತೇವೆ, ಏನು ಮಾಡುವುದು.

ಯಂತ್ರ ಸಿಕ್ಕ ಸುದ್ದಿಯನ್ನು ಅಳಿಯನಿಗೆ ತಿಳಿಸಿದ್ದೆ. ಕಳೆದ ವಾರ ಅವನಿಂದ ಫೋನಿಗೆ ಒಂದು ಚಿತ್ರ ಬಂತು. ಈ ಹೊಸ ಆವೃತ್ತಿಯನ್ನು ಅವನೂ ಶುರು ಮಾಡಿದ್ದಾನೆ. ನಾಲ್ಕು ಖಾಲಿ ಜಾಗಗಳಲ್ಲಿ ಹೆಸರು ತುಂಬಿದ್ದಾನೆ. ಒಂದು ಅವನದು, ಒಂದು ಅವನ ತಾಯಿಯದು, ಒಂದು ಅಲ್ಲೇ ಹುಟ್ಟಿದ ಅವನ ಮಗಳದು. ನಾಲ್ಕನೆಯದು ಇಂಗ್ಲಿಷ್ ಲಿಪಿಯಲ್ಲಿ 'ಮಾವ' ಎಂದಿದೆ. ಕೆಳಗೆ, "ನಿಮಗೆ ಯಾವ ವೃತ್ತಿ ಕೊಡಲಿ?" ಎಂದು ಕೇಳಿದ್ದಾನೆ.

ಈರುಳ್ಳಿ ವೀರನಾಗಿಯೇ ಇರುತ್ತೇನೆ, ಬದಲಾಯಿಸಬೇಡ ಎಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿ ಈಗ ರಾತ್ರಿ.